ಫೋನ್ ಯಾರದ್ದು, ಓದು ಯಾರದ್ದು?

ಮಕ್ಕಳಿಗೆ ಮೊಬೈಲ್ ಕೊಡಬೇಕೋ ಬೇಡವೋ ಎಂಬ ತಕರಾರು ನಮ್ಮ ಮನೆಗಳಲ್ಲಿ ಹಳತಾಯಿತು. ಕೊಟ್ಟಾಗಿದೆ. ಈಗ ರಜೆಯಲ್ಲಿ ಊರಿಗೆ ಬಂದಾಗ ಪೋಷಕರು ನಮ್ಮಲ್ಲಿ ಕೇಳುವ ಪ್ರಶ್ನೆ ಬೇರೆ. "ಉಸ್ತಾದ್, ಮಗಳು ಫೋನಿನಲ್ಲಿ ಓದುತ್ತೇನೆ ಅಂತಾಳೆ. ಶಾಲೆಯವರು ಹೇಳಿದ ಆ್ಯಪ್‌ನಲ್ಲೇ ಓದಿದರೆ ಸಾಕಾ, ಅವಳೇ ಯೂಟ್ಯೂಬಿನಲ್ಲಿ ಹುಡುಕಿ ಓದುವುದು ಒಳ್ಳೆಯದಾ?" ಕೇಳಲು ಸಣ್ಣ ಪ್ರಶ್ನೆ. ಆದರೆ ಒಂದು ಮಾತಿನಲ್ಲಿ ಉತ್ತರ ಕೊಟ್ಟು ಕಳಿಸುವಂಥದ್ದಲ್ಲ.

ನಾವು ಕೆಲವು ವರ್ಷಗಳಿಂದ ಇರುವುದು ರಾಯಚೂರು ಜಿಲ್ಲೆ ಸಿಂಧನೂರು ತಾಲೂಕಿನ ಜವಳಗೇರಾದಲ್ಲಿ. ಸಿಂಧನೂರಿನಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ರಾಷ್ಟ್ರೀಯ ಬೀಜ ನಿಗಮದ ದೊಡ್ಡ ಫಾರ್ಮ್ ಇರುವುದರಿಂದ ಕೃಷಿ ಬಲ್ಲವರಿಗೆ ಹೆಸರು ಪರಿಚಯ ಇರಬಹುದು. ಸುತ್ತಲೂ ಭತ್ತದ ಗದ್ದೆ, ತುಂಗಭದ್ರಾ ಎಡದಂಡೆ ನಾಲೆಯ ನೀರು. ಇಲ್ಲಿನ ನಮ್ಮವರ ಮನೆಮಾತು ಉರ್ದು, ಬೀದಿಯ ಮಾತು ಕನ್ನಡ. ಬ್ಯಾರಿ ಮಾತು ಕೇಳಬೇಕೆಂದರೆ ನಾವು ಊರಿಗೆ ಫೋನ್ ಮಾಡಬೇಕು. ನಮ್ಮನ್ನು ಇಲ್ಲಿ ಯಾರೂ ಉಸ್ತಾದ್ ಅನ್ನುವುದಿಲ್ಲ, 'ಹಜರತ್' ಅಂತಾರೆ. ಮೊದಮೊದಲು ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂತ ಹಿಂದೆ ತಿರುಗಿ ನೋಡುತ್ತಿದ್ದೆವು. ಮಾತು, ಊಟ, ಕಸುಬು ಎಲ್ಲ ಬೇರೆಯಾದರೂ ಫೋನಿನ ಪ್ರಶ್ನೆ ಮಾತ್ರ ಕರಾವಳಿಯಲ್ಲೂ ಇಲ್ಲೂ ಒಂದೇ.

ಮೊದಲು ಎರಡನ್ನೂ ಬಿಡಿಸಿ ಹೇಳಬೇಕು. ಒಂದು ಸಂಸ್ಥೆಯ ವೇದಿಕೆ. ಸರಕಾರವೋ ವಿಶ್ವವಿದ್ಯಾನಿಲಯವೋ ಕಾಲೇಜೋ ಕಟ್ಟಿದ್ದು. ಪಾಠ ಇಷ್ಟು, ಕ್ರಮ ಇಂಥದ್ದು, ಪರೀಕ್ಷೆ ಇಂಥ ದಿನ ಅಂತ ಅವರೇ ನಿಗದಿ ಮಾಡಿರುತ್ತಾರೆ. 2017ರ ಸೆಪ್ಟೆಂಬರ್ 5ರಂದು ಶುರುವಾದ ದೀಕ್ಷಾ, ಅದೇ ವರ್ಷ ಜುಲೈಯಲ್ಲಿ ಬಂದ ಸ್ವಯಂ, ನಮ್ಮ ರಾಜ್ಯದ ಕಾಲೇಜು ಶಿಕ್ಷಣ ಇಲಾಖೆ 2021ರಲ್ಲಿ ತಂದ ಕರ್ನಾಟಕ ಎಲ್‌ಎಂಎಸ್ ಎಲ್ಲ ಈ ಗುಂಪಿನವು. ಇನ್ನೊಂದು, ಕಲಿಯುವವರು ತಾವೇ ಕಟ್ಟಿಕೊಂಡದ್ದು. ಯೂಟ್ಯೂಬಿನಲ್ಲಿ ಇಷ್ಟದ ಒಬ್ಬ ಮೇಷ್ಟ್ರು, ವಾಟ್ಸ್‌ಆ್ಯಪ್‌ನಲ್ಲಿ ಗೆಳತಿಯರ ಗುಂಪು, ಟೆಲಿಗ್ರಾಮಿನಿಂದ ಇಳಿಸಿಕೊಂಡ ಹಳೆ ಪ್ರಶ್ನೆಪತ್ರಿಕೆ, ಬರೆದಿಡಲು ಒಂದು ನೋಟ್‌ಬುಕ್. ಇದಕ್ಕೆ ಬೋರ್ಡಿಲ್ಲ, ಪ್ರಿನ್ಸಿಪಾಲರಿಲ್ಲ. ಶಿಕ್ಷಣ ತಜ್ಞರು 'ವೈಯಕ್ತಿಕ ಕಲಿಕಾ ಪರಿಸರ' ಅಂತ ದೊಡ್ಡ ಹೆಸರಿಟ್ಟಿದ್ದಾರೆ.

ಇಲ್ಲಿನ ರೈತರಿಗೆ ನಾವು ನಾಲೆ ಮತ್ತು ಬೋರ್‌ವೆಲ್ ಅಂತ ಹೇಳುತ್ತೇವೆ, ಕೂಡಲೇ ಅರ್ಥವಾಗುತ್ತದೆ. ನಾಲೆಯ ನೀರು ನಾವು ತೋಡಿದ್ದಲ್ಲ. ಡ್ಯಾಮಿನಲ್ಲಿ ಯಾರೋ ಬಿಟ್ಟರೆ ಬರುತ್ತದೆ, ಮೇಲಿನವರು ಎತ್ತಿಕೊಂಡರೆ ಕೆಳಭಾಗಕ್ಕೆ ಬರುವುದಿಲ್ಲ. ಎಡದಂಡೆ ನಾಲೆಯ ಕೊನೆಯ ರೈತರು ನೀರಿಗಾಗಿ ರಸ್ತೆಗಿಳಿಯುವುದು ಇಲ್ಲಿ ಹೊಸ ಸುದ್ದಿಯೇ ಅಲ್ಲ. ಬೋರ್‌ವೆಲ್ ನಮ್ಮದೇ, ಬೇಕಾದಾಗ ಸ್ವಿಚ್ ಹಾಕಬಹುದು. ಆದರೆ ನೀರು ಸಿಹಿಯೋ ಸವುಳೋ ಕೊರೆಯುವ ತನಕ ಗೊತ್ತಾಗುವುದಿಲ್ಲ.

ಸಂಸ್ಥೆಯ ವೇದಿಕೆಯನ್ನು ಹೀಗಳೆಯುವವರು ಅದರ ಮೂಲ ತಿಳಿದರೆ ಒಳ್ಳೆಯದು. ಪ್ರಪಂಚದ ಬಹಳ ಕಾಲೇಜುಗಳು ಬಳಸುವ ಮೂಡಲ್ ಎಂಬ ಸಾಫ್ಟ್‌ವೇರ್ 2002ರಲ್ಲಿ ಬಂತು. ಮಾಡಿದವರು ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್. ಮರುಭೂಮಿಯ ಮೂಲೆಯಲ್ಲಿ ಬೆಳೆದ ಹುಡುಗ, ಹತ್ತಿರದಲ್ಲಿ ಶಾಲೆ ಇಲ್ಲ, ಶಾರ್ಟ್‌ವೇವ್ ರೇಡಿಯೊದಲ್ಲಿ ಪಾಠ ಕೇಳಿ ಓದಿದವರು. ದೂರದಲ್ಲಿರುವ ಮಗುವಿನ ಕಷ್ಟ ಗೊತ್ತಿದ್ದವರೇ ಅದನ್ನು ಕಟ್ಟಿದ್ದು. ಆದರೆ 2008ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ಬೇರೆಯದೇ ಪ್ರಯೋಗ ಮಾಡಿದರು. ಶುಲ್ಕ ಕಟ್ಟಿದ ಸುಮಾರು 25 ವಿದ್ಯಾರ್ಥಿಗಳ ಕೋರ್ಸಿಗೆ ಬಾಗಿಲು ತೆರೆದಿಟ್ಟರು, ಹೊರಗಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನ ಬಂದು ಸೇರಿದರು. ಎಲ್ಲರೂ ಒಂದೇ ಕಡೆ ಕೂರಬೇಕಾಗಿಲ್ಲ, ನಿಮ್ಮ ನಿಮ್ಮ ಜಾಗದಲ್ಲೇ ಬರೆಯಿರಿ, ಓದಿರಿ, ಒಬ್ಬರನ್ನೊಬ್ಬರು ಹುಡುಕಿಕೊಳ್ಳಿ ಅಂದರು. ಈ ಎರಡು ದಾರಿಗಳ ನಡುವಿನ ವಾದ ಇಂದಿಗೂ ಮುಗಿದಿಲ್ಲ.

ಉಪಯೋಗದ ವಿಷಯಕ್ಕೆ ಬರೋಣ. ನಮ್ಮ ಮಕ್ಕಳ ಸರಕಾರಿ ಪಠ್ಯಪುಸ್ತಕದ ಪಾಠದಲ್ಲಿ ಚೌಕದ ಕ್ಯೂಆರ್ ಕೋಡ್ ಇರುತ್ತದೆ, ಅದರ ಜೊತೆ ಆರು ಅಕ್ಷರ-ಅಂಕಿಗಳ ಒಂದು ಸಂಕೇತ. ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಅದೇ ಪಾಠದ ವೀಡಿಯೊ, ಪ್ರಶ್ನೆ ತೆರೆದುಕೊಳ್ಳುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನೋಡಬಹುದು. ದುಡ್ಡಿಲ್ಲ, ಜಾಹೀರಾತಿಲ್ಲ, ಮುಂದಿನ ವೀಡಿಯೊ ಅಂತ ತಾನಾಗಿ ಏನೇನೋ ಬರುವುದಿಲ್ಲ. ಹತ್ತನೇ ತರಗತಿಯ ಒಳಗಿನ ಮಕ್ಕಳಿಗೆ ಇದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದರೂ ಮನೆಗಳಲ್ಲಿ ವಿಚಾರಿಸಿದರೆ ಎಷ್ಟೋ ಪೋಷಕರು ಆ ಚೌಕವನ್ನು ಪುಸ್ತಕದ ಬೆಲೆಯ ಗುರುತು ಅಂದುಕೊಂಡಿದ್ದಾರೆ.

ಕಾಲೇಜಿನ ಮಕ್ಕಳಿಗೆ ಸ್ವಯಂ ಇದೆ. ಅದರಲ್ಲಿ ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಪಾಠ ಕೇಳುವುದು ಉಚಿತ. ಸರ್ಟಿಫಿಕೇಟ್ ಬೇಕಾದರೆ ಶುಲ್ಕ ಕಟ್ಟಿ, ನಿಗದಿತ ಕೇಂದ್ರಕ್ಕೇ ಹೋಗಿ ಪರೀಕ್ಷೆ ಬರೆಯಬೇಕು. ವಾರವಾರದ ಮನೆಗೆಲಸಕ್ಕೆ 25, ಪರೀಕ್ಷೆಗೆ 75 ಅಂಕ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳ ಕ್ರೆಡಿಟನ್ನು ಹೀಗೆ ಗಳಿಸಲು ಕಾಲೇಜು ಅವಕಾಶ ಕೊಡಬಹುದು. ಯೂಟ್ಯೂಬಿನಲ್ಲಿ ಎಷ್ಟು ಕಲಿತರೂ ಈ ಲೆಕ್ಕಕ್ಕೆ ಬರುವುದಿಲ್ಲ. ಕಾಗದ ಕೊಡುವುದು ಸಂಸ್ಥೆ ಮಾತ್ರ, ಕೆಲಸ ಕೊಡುವವರು ಕೇಳುವುದೂ ಕಾಗದವನ್ನೇ.

ಹಾಗಂತ ಸಂಸ್ಥೆ ಕೊಟ್ಟದ್ದೆಲ್ಲ ನಮ್ಮ ಹತ್ತಿರ ಉಳಿಯುತ್ತದೆಯೇ? ಸಾಮಾನ್ಯವಾಗಿ ಕಾಲೇಜಿನ ಲಾಗಿನ್ ಕಾಲೇಜಿನ ಜೊತೆಗೇ ಮುಗಿಯುತ್ತದೆ. ಮೂರು ವರ್ಷ ಬರೆದ ಉತ್ತರ, ಮೇಷ್ಟ್ರು ತಿದ್ದಿದ್ದು, ಗೆಳೆಯರ ಜೊತೆ ಮಾಡಿದ ಚರ್ಚೆ ಎಲ್ಲ ಆ ಬಾಗಿಲಿನ ಒಳಗೇ ಉಳಿಯುತ್ತದೆ. ಇಲ್ಲಿ ಇಮಾಮ್ ಗಝ್ಝಾಲಿಯವರ ಕಥೆ ನೆನಪಾಗದೆ ಇರದು. ದರ್ಸ್‌ನಲ್ಲಿ ಕೂತವರೆಲ್ಲ ಕೇಳಿದ್ದೇ. ಯುವಕರಾಗಿದ್ದಾಗ ಜುರ್ಜಾನಿನಲ್ಲಿ ಓದಿ ತಮ್ಮ ಊರು ತೂಸ್‌ಗೆ ಮರಳುವಾಗ ದಾರಿಯಲ್ಲಿ ದರೋಡೆಕೋರರು ಎಲ್ಲವನ್ನೂ ದೋಚಿದರು. ಉಳಿದದ್ದೇನೂ ಬೇಡ, ನನ್ನ ಟಿಪ್ಪಣಿಗಳನ್ನು ಮಾತ್ರ ಕೊಡಿ, ಅದರಲ್ಲಿ ನನ್ನ ವಿದ್ಯೆಯಿದೆ ಅಂತ ಬೇಡಿಕೊಂಡರು. ಚೀಲ ಕಸಿದುಕೊಂಡರೆ ಹೋಗುವ ವಿದ್ಯೆಯನ್ನು ನಿನ್ನದು ಅನ್ನುವುದು ಹೇಗೆ ಅಂತ ದರೋಡೆಕೋರರ ನಾಯಕ ನಕ್ಕನಂತೆ, ಚೀಲವನ್ನೂ ಹಿಂದಿರುಗಿಸಿದನಂತೆ. ಊರಿಗೆ ಬಂದವರು ಮೂರು ವರ್ಷ ಕೂತು ಬರೆದಿದ್ದನ್ನೆಲ್ಲ ಬಾಯಿಪಾಠ ಮಾಡಿದರು. ಮುಂದೆ 1091ರಲ್ಲಿ ಬಗ್ದಾದಿನ ನಿಝಾಮಿಯಾದಲ್ಲಿ ಮುದರ್ರಿಸ್ ಆದದ್ದು ಇದೇ ಹುಡುಗ.

ನಿಝಾಮಿಯಾ ಅಂದಿನ ಕಾಲದ ದೊಡ್ಡ ಸಂಸ್ಥೆ. ವಝೀರರ ದುಡ್ಡು, ವಿದ್ಯಾರ್ಥಿಗೆ ಊಟ-ವಸತಿ, ದೊಡ್ಡ ಕಟ್ಟಡ. ಆದರೂ ಕಲಿತವನಿಗೆ ಇಜಾಝತ್ ಕೊಡುತ್ತಿದ್ದದ್ದು ಕಟ್ಟಡ ಅಲ್ಲ, ಉಸ್ತಾದ್. ಈ ಕಿತಾಬನ್ನು ನನ್ನ ಮುಂದೆ ಓದಿದ್ದಾನೆ, ಇನ್ನೊಬ್ಬರಿಗೆ ಓದಿಸಬಹುದು ಅಂತ ವ್ಯಕ್ತಿಯೇ ವ್ಯಕ್ತಿಗೆ ಬರೆದುಕೊಡುತ್ತಿದ್ದರು. ಒಬ್ಬ ವಿದ್ಯಾರ್ಥಿ ಊರೂರು ತಿರುಗಿ ಹತ್ತು ಉಸ್ತಾದರಿಂದ ಹತ್ತು ಇಜಾಝತ್ ಕೂಡಿಸಿಕೊಳ್ಳುತ್ತಿದ್ದ. ಈಗಿನ ತಜ್ಞರು ಹೊಸದು ಅಂತ ಹೇಳುವ ವೈಯಕ್ತಿಕ ಕಲಿಕೆ ಇದಕ್ಕಿಂತ ಬಹಳ ದೂರ ಇಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ಆ ವಿದ್ಯಾರ್ಥಿಯ ಎದುರು ಪ್ರತಿ ಸಲವೂ ಒಬ್ಬ ಮನುಷ್ಯ ಕೂತಿರುತ್ತಿದ್ದರು, ತಪ್ಪಿದರೆ ತಡೆಯುತ್ತಿದ್ದರು. ಯೂಟ್ಯೂಬಿನ ಮೇಷ್ಟ್ರು ತಡೆಯುವುದಿಲ್ಲ. ಮಖ್ರಜ್ ತಪ್ಪಾಗಿ ಓದುತ್ತಾ ಮೊಬೈಲ್ ನೋಡಿ ಸೂರಾ ಕಲಿತ ಮಕ್ಕಳು ನಮ್ಮ ಹತ್ತಿರ ಬರುತ್ತಾರೆ. ಹೊಸದಾಗಿ ಕಲಿಸುವುದು ಸುಲಭ, ತಪ್ಪು ಕಲಿತದ್ದನ್ನು ಬಿಡಿಸುವುದು ಕಷ್ಟ.

ಸ್ವಂತ ಓದಿನ ಹೆಸರಿನಲ್ಲಿ ವ್ಯಾಪಾರವೂ ಸೇರಿಕೊಂಡಿದೆ, ಅದನ್ನು ಬೇರೆ ಇಟ್ಟು ನೋಡಬೇಕು. ದೊಡ್ಡ ಹೆಸರು ಮಾಡಿದ್ದ ಬೈಜೂಸ್ ಕಂಪನಿ 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಕಂತಿನಲ್ಲಿ ಕೋರ್ಸ್ ಕೊಳ್ಳುವ ಮೊದಲು ಯೋಚಿಸಿ. ಅತ್ತ, ಸರಕಾರಿ ಸಂಸ್ಥೆ ಅಂದಕೂಡಲೇ ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಯುಜಿಸಿ ಮಾನ್ಯತೆ ಇಲ್ಲದಂತಾಗಿ, 2018ರಲ್ಲಿ ಮರಳಿ ಸಿಕ್ಕಿತು. ನಡುವೆ ಓದಿದವರು ಅನುಭವಿಸಿದ ಪಾಡು ಕರಾವಳಿಯ ಬಹಳ ಮನೆಗಳಿಗೆ ಗೊತ್ತು. ಯಾವ ದೂರಶಿಕ್ಷಣಕ್ಕೆ ಸೇರುವುದಾದರೂ ಆ ವರ್ಷ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ನೋಡಿಯೇ ಶುಲ್ಕ ಕಟ್ಟಬೇಕು.

ಕೊರೋನಾ ಕಾಲ ಈ ಎಲ್ಲವನ್ನೂ ಒಟ್ಟಿಗೇ ಪರೀಕ್ಷೆ ಮಾಡಿತು. 2020ರ ಜೂನ್‌ನಲ್ಲಿ ಸಮಸ್ತದ ವಿದ್ಯಾಭ್ಯಾಸ ಬೋರ್ಡ್ ಯೂಟ್ಯೂಬಿನಲ್ಲಿ ಮದ್ರಸ ತರಗತಿ ಶುರು ಮಾಡಿದಾಗ ಕರಾವಳಿಯಲ್ಲಿ ಮಕ್ಕಳು ಟೊಪ್ಪಿ ಹಾಕಿಕೊಂಡು ಫೋನಿನ ಮುಂದೆ ಕೂತರು. ಬ್ಯಾರಿ ಬಲ್ಲ ಮಗುವಿಗೆ ಮಲಯಾಳ ಸುಮಾರಾಗಿ ತಿಳಿಯುತ್ತದೆ. ಜವಳಗೇರಾದ ಮಗುವಿಗೆ ಅದೇ ವೀಡಿಯೊ ಹಾಕಿದರೆ ಏನು ತಿಳಿಯಬೇಕು? ಶಾಲೆಯ ಕಡೆಯಿಂದ ಚಂದನ ಟಿವಿಯಲ್ಲಿ ಪಾಠ ಬಂತು, ಆಗಸ್ಟಿನಲ್ಲಿ ಮೇಷ್ಟ್ರುಗಳೇ ಮಕ್ಕಳ ಬೀದಿಗೆ ಬರುವ ವಿದ್ಯಾಗಮ ಬಂತು. ಮರದ ಕೆಳಗೆ, ಜಗಲಿಯ ಮೇಲೆ ನಡೆದ ಆ ವಠಾರ ಶಾಲೆಯಷ್ಟು ಒಳ್ಳೆಯ ಯೋಚನೆ ಆ ವರ್ಷ ಇನ್ನೊಂದು ಬರಲಿಲ್ಲ ಅಂತ ನಮಗನಿಸುತ್ತದೆ. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ನಿಂತುಹೋಗಿ, ಜನವರಿಯಲ್ಲಿ ಮತ್ತೆ ಶುರುವಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಸರ್ ಸಮೀಕ್ಷೆಯವರು ದೇಶದ ಹಳ್ಳಿಗಳಲ್ಲಿ ವಿಚಾರಿಸಿದಾಗ, ಹಿಂದಿನ ವಾರ ಶಾಲೆಯಿಂದ ಏನಾದರೂ ಪಾಠ ಬಂದಿತ್ತು ಅಂದದ್ದು ಮೂವರು ಮಕ್ಕಳಲ್ಲಿ ಒಬ್ಬರು. ಬಂದದ್ದರಲ್ಲೂ ಹೆಚ್ಚಿನದು ವಾಟ್ಸ್‌ಆ್ಯಪ್‌ನಲ್ಲಿ. ಅಷ್ಟೆಲ್ಲ ದೊಡ್ಡ ವೇದಿಕೆ ಕಟ್ಟಿದರೂ ಕೊನೆಗೆ ಮನೆ ಮುಟ್ಟಿದ್ದು ಅಪ್ಪನ ವಾಟ್ಸ್‌ಆ್ಯಪ್.

ಅಪ್ಪನ ವಾಟ್ಸ್‌ಆ್ಯಪ್. ನಾವು ಈ ಲೇಖನ ಬರೆಯಲು ಕೂತದ್ದೇ ಈ ಎರಡು ಪದಗಳಿಗಾಗಿ. ಸಂಸ್ಥೆಯ ವೇದಿಕೆಯಾಗಲಿ, ಸ್ವಂತದ ಓದಾಗಲಿ, ಎರಡನ್ನೂ ಹೇಳಿಕೊಡುವವರು ಮಗುವಿನ ಕೈಯಲ್ಲಿ ಅದರದ್ದೇ ಒಂದು ಫೋನ್, ಅದರದ್ದೇ ಒಂದು ಗಂಟೆ ಇದೆ ಅಂತ ನಂಬಿಕೊಂಡಿರುತ್ತಾರೆ. 2024ರ ಅಸರ್ ವರದಿಯಲ್ಲಿ 14ರಿಂದ 16 ವಯಸ್ಸಿನ ಹಳ್ಳಿ ಮಕ್ಕಳಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಗೊತ್ತು. ವಾರದಲ್ಲಿ ಒಮ್ಮೆಯಾದರೂ ಓದಿಗೆ ಬಳಸಿದವರು ಶೇ. 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ. 76. ಈ ಅಂಕಿ ಹಿಡಿದು ಮಕ್ಕಳನ್ನು ಬೈಯುವುದು ಸುಲಭ. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ: ಫೋನ್ ಬಳಸಬಲ್ಲ ಗಂಡುಮಕ್ಕಳಲ್ಲಿ ಸ್ವಂತ ಫೋನ್ ಇರುವವರು ಶೇ. 36, ಹೆಣ್ಣುಮಕ್ಕಳಲ್ಲಿ ಶೇ. 27. ಇದು ಬೈಯಬೇಕಾದ್ದು ಯಾರನ್ನು?

ನಮ್ಮ ಬ್ಯಾರಿ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮಡಿಕೆ ಇದೆ. ಅರ್ಜಿಯಲ್ಲಿ ಕೊಟ್ಟ ನಂಬರ್ ತಂದೆಯದ್ದು. ತಂದೆ ದಮ್ಮಾಮಿನಲ್ಲೋ ಜುಬೈಲಿನಲ್ಲೋ. ಮಗಳು ಇಲ್ಲಿ ಸೈಬರ್‌ನಲ್ಲಿ ಕೂತು ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿರುವಾಗ ಓಟಿಪಿ ಅಲ್ಲಿಗೆ ಹೋಗುತ್ತದೆ. ಅವರು ಕೆಲಸದಲ್ಲಿ. ಹತ್ತು ನಿಮಿಷದಲ್ಲಿ ಓಟಿಪಿ ಸತ್ತಿತು, ಮಗಳು ಮನೆಗೆ ಬಂದಳು. ಇಲ್ಲಿ ಜವಳಗೇರಾದಲ್ಲಿ ದಮ್ಮಾಮ್ ಇಲ್ಲ, ಗದ್ದೆ ಇದೆ. ಫೋನ್ ಬೆಳಗ್ಗೆ ಅಪ್ಪನ ಜೇಬಿನಲ್ಲಿ ಹೋದರೆ ಸಂಜೆ ಬ್ಯಾಟರಿ ಮುಗಿಸಿಕೊಂಡು ಬರುತ್ತದೆ. ಊಟ ಆದ ಮೇಲೆ ಮೊದಲ ಹಕ್ಕು ಅಣ್ಣನದ್ದು. ತಂಗಿಯ ಸರದಿ ಬರುವಾಗ ಉಮ್ಮ ದೀಪ ಆರಿಸುತ್ತಾರೆ. 2021ರಲ್ಲಿ ರಾಜ್ಯ ಸರಕಾರ ಸರಕಾರಿ ಪದವಿ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಹೊರಟಾಗ ಕೆಲವರು ದುಂದು ಅಂದರು. ಮನೆಯ ಫೋನಿಗೆ ಸರದಿಯಲ್ಲಿ ನಿಂತ ಹುಡುಗಿಯನ್ನು ನೋಡಿದವರು ಹಾಗೆ ಅನ್ನಲಾರರು.

ಕರಾವಳಿಯಲ್ಲಿ ವಿಷಯ ಇನ್ನೂ ಸೂಕ್ಷ್ಮ. 2022ರ ಹಿಜಾಬ್ ವಿವಾದ, ಮಾರ್ಚ್ 15ರ ಹೈಕೋರ್ಟ್ ತೀರ್ಪಿನ ಬಳಿಕ ಕೆಲವು ಹೆಣ್ಣುಮಕ್ಕಳು ಕಾಲೇಜು ಬಿಟ್ಟರು. ದೂರಶಿಕ್ಷಣ ಇದೆಯಲ್ಲ, ಮನೆಯಲ್ಲೇ ಫೋನಿನಲ್ಲಿ ಓದಲಿ ಅಂತ ನಾವೆಲ್ಲ ಸಮಾಧಾನ ಹೇಳಿದೆವು. ಸಮಾಧಾನ ಹೇಳಿದ ಮೇಲೆ ಆ ಮನೆಯಲ್ಲಿ ಅವಳಿಗೆ ಫೋನ್ ಎಷ್ಟು ಹೊತ್ತು ಸಿಗುತ್ತದೆ, ಅಡುಗೆಮನೆಯಿಂದ ಎಷ್ಟು ಹೊತ್ತು ಬಿಡುವು ಸಿಗುತ್ತದೆ ಅಂತ ಜಮಾಅತಿನವರು ಯಾರಾದರೂ ಹೋಗಿ ವಿಚಾರಿಸಿದ್ದಾರೆಯೇ?

ಇಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹೆಸರು ಬೇಡ. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಪದವಿಗೆ ಸಿಂಧನೂರಿಗೆ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಟಿಕೆಟ್ ಇಲ್ಲ, ಆದ್ದರಿಂದ ದುಡ್ಡಿನ ನೆಪ ಹೇಳುವ ಹಾಗಿಲ್ಲ; ಆದರೂ ತಂದೆ ಒಪ್ಪಿರಲಿಲ್ಲ. ಅವರು ಟ್ರ್ಯಾಕ್ಟರ್ ಇಟ್ಟವರು. ತಾಯಿಯ ಹಳೆ ಫೋನಿನಲ್ಲಿ ಅವಳು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳನ್ನು ಹುಡುಕಿಕೊಂಡಳು. ಹತ್ತು ಹತ್ತು ನಿಮಿಷದ ವೀಡಿಯೊ, ಕನ್ನಡದ ದನಿಯಲ್ಲೂ ಇದೆ, ಉಚಿತ. ಕಂಪ್ಯೂಟರಿನಲ್ಲಿ ಲೆಕ್ಕದ ಹಾಳೆ ಮಾಡುವ ಪಾಠ ನೋಡಿ, ಅದನ್ನೇ ಫೋನಿನ ಗೂಗಲ್ ಶೀಟ್ಸ್‌ನಲ್ಲಿ ತಡಕಾಡಿ ಮಾಡಿದಳು. ಯಾರ ಗದ್ದೆ ಎಷ್ಟು ತಾಸು ಹೊಡೆದದ್ದು, ಡೀಸೆಲ್ ಎಷ್ಟು, ಯಾರ ಬಾಕಿ ಎಷ್ಟು. ಒಂದು ಶುಕ್ರವಾರ ಜುಮಾ ಮುಗಿದ ಮೇಲೆ ತಂದೆ ನಮ್ಮನ್ನು ನಿಲ್ಲಿಸಿದರು. "ಹಜರತ್, ನಮ್ ಹುಡುಗಿ ಫೋನ್ನ್ಯಾಗ ಲೆಕ್ಕ ತೋರ್ಸಿದ್ಲ್ರಿ. ನನ್ ಡೈರಿಗಿಂತ ಛಲೋ ಐತ್ರಿ. ನಾ ಬಿಟ್ಟ ಎರಡು ಬಾಕಿ ಅದರಾಗ ಸಿಕ್ಕಾವು."

ಆ ಪಾಠದ ಸರ್ಟಿಫಿಕೇಟ್ ಪರೀಕ್ಷೆ ಸಾಮಾನ್ಯವಾಗಿ ಕಾಲೇಜುಗಳ ಮೂಲಕ ನಡೆಯುತ್ತದೆ. ಕಾಲೇಜಿಗೆ ಸೇರದ ಹುಡುಗಿ ಏನು ಮಾಡಬೇಕು? ಕಲಿತದ್ದು ಅವಳದ್ದೇ, ಅದರಲ್ಲಿ ಸಂಶಯ ಇಲ್ಲ. ಅಪ್ಪನ ಬಾಕಿ ವಸೂಲಾದದ್ದೇ ಸಾಕ್ಷಿ. ಆದರೆ ಸಿಂಧನೂರಿನ ಯಾವುದಾದರೂ ಅಂಗಡಿಯಲ್ಲೋ ಆಫೀಸಿನಲ್ಲೋ ಲೆಕ್ಕ ಬರೆಯುವ ಕೆಲಸ ಕೇಳಿದರೆ ಪಿಯುಸಿ ಆದ ಮೇಲೆ ಏನು ಅಂತಲೇ ಕೇಳುತ್ತಾರೆ. ಅದಕ್ಕಾಗಿ ನಾವು ತಂದೆಗೆ ಹೇಳಿದ್ದು: ಬೋರ್‌ವೆಲ್ ಕೊರೆದಾಗಿದೆ, ಸಿಹಿ ನೀರೇ ಬಂದಿದೆ. ಇನ್ನು ನಾಲೆಯದ್ದೂ ಒಂದು ತೂಬು ಬೇಡವೇ?

ನಮ್ಮ ಮದ್ರಸದಲ್ಲಿ ನಾವು ಮಾಡಿದ್ದು ದೊಡ್ಡದೇನೂ ಅಲ್ಲ. ಭಾನುವಾರ ಅಸರ್ ಆದ ಮೇಲೆ ಒಂದು ಗಂಟೆ, ದೊಡ್ಡ ಮಕ್ಕಳು ಮನೆಯ ಫೋನ್ ತೆಗೆದುಕೊಂಡು ಬರಬಹುದು. ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ಅಲ್ಲಿ ಕಲಿತ ಒಬ್ಬ ಸೋದರಿ ಇರುತ್ತಾರೆ. ವಾರದಲ್ಲಿ ಫೋನಿನಲ್ಲಿ ಏನು ನೋಡಿದೆ ಅಂತ ಕೇಳುವುದಿಲ್ಲ, ಏನು ಕಲಿತೆ, ನೋಟ್‌ಬುಕ್ ನೋಡದೆ ಹೇಳು ಅಂತ ಕೇಳುತ್ತೇವೆ. ಎಷ್ಟೋ ಮಕ್ಕಳು ಮೊದಲ ವಾರ ಬಾಯಿ ಬಿಡುವುದಿಲ್ಲ. ದೀಕ್ಷಾದ ವೀಡಿಯೊಗಳನ್ನು ಒಂದು ಫೋನಿನಲ್ಲಿ ಇಳಿಸಿ ಉಳಿದವರಿಗೆ ಕೊಡುತ್ತೇವೆ, ಎಲ್ಲರ ಡೇಟಾ ಉಳಿಯುತ್ತದೆ. ದೊಡ್ಡವರಿಗೆ ಅವರವರ ಹೆಸರಿನಲ್ಲೇ ಇಮೇಲ್ ಮಾಡಿಕೊಟ್ಟು, ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದಿಡಿಸಿದ್ದೇವೆ. ಕಾಲೇಜಿನ ಲಾಗಿನ್‌ನಲ್ಲಿ ಬರೆದಿದ್ದರ ಒಂದು ಪ್ರತಿ ಆ ಇಮೇಲಿಗೆ ಕಳಿಸಿಕೊಳ್ಳಿ ಅಂತ ಪದವಿ ಓದುವ ಮಕ್ಕಳಿಗೆ ಹೇಳುತ್ತೇವೆ. ಇಷ್ಟನ್ನು ಮಾಡಲು ಕಂಪ್ಯೂಟರ್ ಪಂಡಿತರಾಗಬೇಕಾಗಿಲ್ಲ, ಪಿಯುಸಿ ಓದಿದ ನಮ್ಮಂಥವರಿಗೂ ಆಗುತ್ತದೆ. ಕರಾವಳಿಯ ಮದ್ರಸಗಳಲ್ಲಿ ಕಟ್ಟಡ, ವಿದ್ಯುತ್, ಯುವಕರ ಸಂಘ ಎಲ್ಲವೂ ನಮಗಿಂತ ಚೆನ್ನಾಗಿದೆ.

ಆ ಹುಡುಗಿಯ ಪದವಿ ಪ್ರವೇಶದ ಅರ್ಜಿ ತುಂಬಲು ತಂದೆ ಕೊನೆಗೂ ಬಂದರು. ಮೊಬೈಲ್ ನಂಬರಿನ ಕಾಲಂ ಬಂದಾಗ ಅಭ್ಯಾಸದಂತೆ ತಮ್ಮ ನಂಬರ್ ಹೇಳಲು ಶುರು ಮಾಡಿದರು. ಅರ್ಧ ಹೇಳಿ ನಿಲ್ಲಿಸಿದರು. ಪರೀಕ್ಷೆ, ಫಲಿತಾಂಶ, ಸ್ಕಾಲರ್‌ಶಿಪ್ ಎಲ್ಲದರ ಓಟಿಪಿ ಮೂರು ವರ್ಷ ಇದೇ ನಂಬರಿಗೆ ಬರುತ್ತದೆ ಅಂತ ನಾವು ಮೊದಲೇ ಹೇಳಿದ್ದೆವು. ಮಗಳು ತಲೆ ಎತ್ತಲಿಲ್ಲ. "ಎರಡ್ ದಿನ ತಡೀರಿ ಹಜರತ್," ಅಂದರು, "ಆಕಿ ಹೆಸರ್ಲೇ ಒಂದು ಸಿಮ್ ತರ್ತೀನಿ."